ಹೂವಿನ ಮುಂದೆ ಕೂತು ಪತಂಗಕ್ಕೆ ಕಾಯುವುದು: ಮಕರಂದ ಹೀರುವ ಪತಂಗಗಳ ಮ್ಯಾಕ್ರೋ ಫೋಟೊ ತೆಗೆಯುವ ಬಗೆ

ಎರಡು ವರ್ಷ ನಾನು ಗಿಡುಗ ಪತಂಗಗಳ ಹಿಂದೆ ಓಡಿದೆ. ಹಾಕ್‌ಮಾತ್ ಎನ್ನುತ್ತಾರಲ್ಲ, ಅವೇ. ನಮ್ಮ ತೋಟದಂಚಿನ ಲಂಟಾನ ಪೊದೆಗೆ ಸಂಜೆ ಹೊತ್ತು ಬರುತ್ತವೆ, ಹೂವಿನ ಮುಂದೆ ಗಾಳಿಯಲ್ಲೇ ನಿಂತು ನಳಿಗೆ ಚಾಚುತ್ತವೆ. ನಾನು ಕ್ಯಾಮೆರಾ ಎತ್ತಿ ಫೋಕಸ್ ಮಾಡುವಷ್ಟರಲ್ಲಿ ಆಚೆ ಗೊಂಚಲಿಗೆ ಹಾರಿರುತ್ತವೆ. ಮೂರನೇ ಮಳೆಗಾಲದಲ್ಲಿ ಕಾಲು ಉಳುಕಿತು. ಓಡಾಡಲಾಗದೆ ಒಂದೇ ಗೊಂಚಲಿನ ಮುಂದೆ ಸ್ಟೂಲು ಹಾಕಿಕೊಂಡು, ಹೂವಿನ ಬಾಯಿಗೆ ಮೊದಲೇ ಫೋಕಸ್ ಮಾಡಿಟ್ಟು ಕೂತೆ. ಸುಮಾರು ಮುಕ್ಕಾಲು ಗಂಟೆಯಲ್ಲಿ ಅದೇ ಗೊಂಚಲಿಗೆ ಪತಂಗ ನಾಲ್ಕು ಸಲ ಬಂತು. ಎರಡು ವರ್ಷದಲ್ಲಿ ಸಿಗದ ಚಿತ್ರ ಅವತ್ತು ಸಿಕ್ಕಿತು. ಈ ಲೇಖನದ ಬಹುಪಾಲು ಮಾತು ಆ ಸಂಜೆ ಕಲಿತದ್ದು: ಮೊದಲು ಹೂವನ್ನು ಆರಿಸಬೇಕು, ಉಳಿದ ಸಿದ್ಧತೆಯೆಲ್ಲ ಆ ಹೂವಿಗಾಗಿ.

ಎಲ್ಲ ಪತಂಗಗಳೂ ಹೂವಿಗೆ ಬರುವುದಿಲ್ಲ

ಇದು ಗೊತ್ತಿದ್ದರೆ ಎಷ್ಟೋ ರಾತ್ರಿಗಳು ಉಳಿಯುತ್ತವೆ. ತಿಳಿಹಸಿರು ಬಣ್ಣದ, ಉದ್ದ ಬಾಲದ ಚಂದ್ರ ಪತಂಗ, ಅಂಗೈಗಿಂತ ದೊಡ್ಡದಾದ ಅಟ್ಲಾಸ್ ಪತಂಗ, ರಾಮನಗರದ ಮಾರುಕಟ್ಟೆಗೆ ಗೂಡಾಗಿ ಬರುವ ರೇಷ್ಮೆ ಹುಳುವಿನ ಪತಂಗ, ಇವು ಯಾವುವೂ ರೆಕ್ಕೆ ಬಂದ ಮೇಲೆ ಏನನ್ನೂ ತಿನ್ನುವುದಿಲ್ಲ. ಬಾಯಿಯ ಭಾಗಗಳೇ ಸರಿಯಾಗಿ ಬೆಳೆದಿರುವುದಿಲ್ಲ. ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನಲ್ಲಿ ಕೆಲವು ದಿನ ಬದುಕಿ, ಜೋಡಿಯಾಗಿ, ಮೊಟ್ಟೆ ಇಟ್ಟು ಮುಗಿಯುತ್ತವೆ. ಇವನ್ನು ಹೂವಿನ ಮೇಲೆ ಕೂರಿಸಿ ತೆಗೆದ ಫೋಟೊ ಕಂಡರೆ ಅದು ಮನುಷ್ಯ ಕೂರಿಸಿದ್ದು ಎಂದು ತಿಳಿಯಿರಿ.

ಹೂವಿಗೆ ಬರುವವುಗಳಲ್ಲಿ ಹೊಸಬರು ಹಗಲಿನ ಪತಂಗಗಳಿಂದ ಶುರುಮಾಡುವುದು ಒಳ್ಳೆಯದು. ಕಪ್ಪು ರೆಕ್ಕೆಯಲ್ಲಿ ಗಾಜಿನಂಥ ಕಿಟಕಿಗಳು, ಹೊಟ್ಟೆಯ ಮೇಲೆ ಹಳದಿ ಪಟ್ಟಿ, ದೂರದಿಂದ ಕಣಜವೇ ಎನ್ನಿಸುವ ಅಮಾಟಾ ಪತಂಗ ಬೆಳಗಿನ ಹೊತ್ತು ಹುಲ್ಲು ಹೂವುಗಳ ಮೇಲೆ ಮೈಮರೆತು ಕೂತಿರುತ್ತದೆ. ಬಿಳಿ ರೆಕ್ಕೆಯ ಮೇಲೆ ಕೆಂಪು ಕಪ್ಪು ಚುಕ್ಕೆಯ ಯುಟೆಥೈಸಾ ಬೇಕಿದ್ದರೆ ಗಿಜಿಗಿಜಿ ಕಾಯಿ ಬಿಡುವ ಕ್ರೊಟಲೇರಿಯಾ ಗಿಡದ ಸುತ್ತ ಹುಡುಕಿ. ಅದರ ಹುಳು ಆ ಗಿಡವನ್ನೇ ತಿಂದು, ಅದರಲ್ಲಿನ ವಿಷವನ್ನು ಮೈಯಲ್ಲಿ ಇಟ್ಟುಕೊಳ್ಳುತ್ತದೆ. ಹಕ್ಕಿಗಳು ಮುಟ್ಟದ್ದರಿಂದ ಈ ಪತಂಗಕ್ಕೆ ಅವಸರವಿಲ್ಲ, ನಿಮ್ಮ ಲೆನ್ಸ್ ಒಂದು ಗೇಣು ಹತ್ತಿರ ಬಂದರೂ ಕೆಲವು ಸಲ ಕದಲುವುದಿಲ್ಲ.

ಆಮೇಲೆ ಗಿಡುಗ ಪತಂಗಗಳು. ಹಗಲು ಮತ್ತು ಮುಸ್ಸಂಜೆಯಲ್ಲಿ ಹಾರುವ ಮ್ಯಾಕ್ರೋಗ್ಲಾಸಮ್ ಜಾತಿಗಳನ್ನು ಎಷ್ಟೋ ಜನ ಸಣ್ಣ ಹಕ್ಕಿ ಎಂದುಕೊಳ್ಳುತ್ತಾರೆ. ಕೊಡಗು, ಚಿಕ್ಕಮಗಳೂರು ಕಡೆಯವರಿಗೆ ಇನ್ನೊಂದು ಸಿಗುತ್ತದೆ: ಸೆಫನೋಡಿಸ್ ಹೈಲಾಸ್. ಇದರ ಹುಳು ಕಾಫಿ ಎಲೆಯನ್ನೂ ತಿನ್ನುತ್ತದೆ, ಆದ್ದರಿಂದಲೇ ಕಾಫಿಯ ಹೆಸರು ಇದಕ್ಕೆ ಅಂಟಿಕೊಂಡಿದೆ. ಗೂಡಿನಿಂದ ಹೊರಬಂದಾಗ ರೆಕ್ಕೆಯ ಮೇಲೆ ಬೂದು ಹುಡಿ ಇರುತ್ತದೆ, ಮೊದಲ ಸಲ ಹಾರುವಾಗಲೇ ಅದು ಉದುರಿ ರೆಕ್ಕೆ ಗಾಜಿನಂತಾಗುತ್ತದೆ. ಹಸಿರು ಮೈ, ಹೊಟ್ಟೆಗೊಂದು ಕೆಂಪು ಪಟ್ಟಿ. ಫೋಟೊಕ್ಕೆ ಇದಕ್ಕಿಂತ ಚೆಲುವಾದ ಪತಂಗವನ್ನು ನಾನು ಕಂಡಿಲ್ಲ. ಕತ್ತಲಾದ ಮೇಲೆ ಬರುವವರಲ್ಲಿ ದೊಡ್ಡದು ಆಗ್ರಿಯಸ್, ಸಿಹಿಗೆಣಸಿನ ಬಳ್ಳಿಯಲ್ಲಿ ಬೆಳೆಯುವ ಪತಂಗ. ಅದರ ನಳಿಗೆ ಅದರ ಮೈಗಿಂತ ಉದ್ದ.

ಯಾವ ಹೂವು, ಯಾವ ಹೊತ್ತು

ಪತಂಗಗಳಿಗಾಗಿ ಅರಳುವ ಹೂವನ್ನು ಗುರುತಿಸುವುದು ಕಷ್ಟವಲ್ಲ. ಬಣ್ಣ ಬಿಳಿ ಅಥವಾ ತೆಳು, ಸಂಜೆ ಮೇಲೆ ಪರಿಮಳ ಏರುತ್ತದೆ, ಬುಡದಲ್ಲಿ ಉದ್ದದ ಸಣ್ಣ ಕೊಳವೆ, ಆ ಕೊಳವೆಯ ತಳದಲ್ಲಿ ಮಕರಂದ. ರಸ್ತೆ ಬದಿಯ ಉಮ್ಮತ್ತಿ, ಹಳ್ಳದಂಚಿನ ಸುರುಳಿ ಸುಗಂಧಿ, ಕಾಡುಮಲ್ಲಿಗೆ, ಬೇಲಿಯಲ್ಲಿ ತಾನಾಗಿ ಬೆಳೆದುಕೊಂಡ ಸಂಜೆಮಲ್ಲಿಗೆ, ಎಲ್ಲ ಈ ಗುಂಪಿನವು. ಹಗಲು ಮತ್ತು ಮುಸ್ಸಂಜೆಯವಕ್ಕೆ ಲಂಟಾನ, ಗುಡ್ಡದ ಕೇಪಳ, ಉತ್ತರಾಣಿಯಂತೆ ಉದ್ದ ಕಡ್ಡಿಯಲ್ಲಿ ನೀಲಿ ಹೂ ಬಿಡುವ ಸ್ಟ್ಯಾಕಿಟಾರ್ಫೆಟಾ ಇವೆ. ಲಂಟಾನ ನಮ್ಮ ಕಾಡನ್ನು ನುಂಗುತ್ತಿರುವ ಹೊರಗಿನ ಗಿಡ, ಅದನ್ನು ಬೆಳೆಸಿ ಎಂದು ನಾನು ಹೇಳಲಾರೆ. ಆದರೆ ಈಗಾಗಲೇ ಇರುವ ಪೊದೆಯ ಮುಂದೆ ಕೂರಲು ಅಡ್ಡಿಯಿಲ್ಲ.

ನನ್ನ ಸಲಹೆ ಸಂಜೆಮಲ್ಲಿಗೆ. ಮೂಲತಃ ಅಮೆರಿಕದ ಗಿಡವಾದರೂ ನಮ್ಮೂರಿನ ಪಾಳು ಗೋಡೆ, ಬಚ್ಚಲ ಹಿಂದು ಎಲ್ಲ ಕಡೆ ಕಾಡುಹೂವಿನಂತೆಯೇ ಬದುಕುತ್ತಿದೆ. ಸಂಜೆ ನಾಲ್ಕೂವರೆ ಐದಕ್ಕೆ ಅರಳುತ್ತದೆ, ಅಂದರೆ ಬೆಳಕಿರುವಾಗಲೇ ನೀವು ಕ್ಯಾಮೆರಾ ಹೊಂದಿಸಿಕೊಳ್ಳಬಹುದು. ಸೂರ್ಯ ಮುಳುಗಿದ ಮೇಲಿನ ಮೊದಲ ಅರ್ಧ ಮುಕ್ಕಾಲು ಗಂಟೆ ಗಿಡುಗ ಪತಂಗಗಳ ಭರಾಟೆಯ ಹೊತ್ತು.

ಒಂದು ಗಿಡವನ್ನು ಆರಿಸಿದ ಮೇಲೆ ಎರಡು ಮೂರು ಸಂಜೆ ಕ್ಯಾಮೆರಾ ಇಲ್ಲದೆ ಹೋಗಿ ಕೂರಿ. ಪತಂಗ ಯಾವ ದಿಕ್ಕಿನಿಂದ ಬರುತ್ತದೆ, ಮೇಲಿನ ಹೂವಿನಿಂದ ಕೆಳಗೆ ಬರುತ್ತದೋ ಕೆಳಗಿನಿಂದ ಮೇಲೆ ಹೋಗುತ್ತದೋ, ಎಷ್ಟು ನಿಮಿಷಕ್ಕೆ ಮತ್ತೆ ಸುತ್ತು ಹಾಕುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಫೋಟೊ ಸಿಗುವುದು ಇಲ್ಲೇ.

ಕಾಲದ ವಿಷಯ: ಮುಂಗಾರಿಗೆ ಮೊದಲಿನ ಮಳೆ ಬಿದ್ದ ಮೇ ತಿಂಗಳಲ್ಲಿ ಪತಂಗಗಳು ಏಳುತ್ತವೆ. ಮಲೆನಾಡಿನಲ್ಲಿ ಜುಲೈ ತಿಂಗಳ ಜಡಿಮಳೆಯಲ್ಲಿ ಹೊರಗೆ ಕೂರುವುದು ಆಗದ ಮಾತು. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ನೆಲ ಹಸಿಯಿದ್ದು, ಹೂವು ತುಂಬಿ, ಮಳೆ ಬಿಡುವು ಕೊಡುವ ದಿನಗಳೇ ಉತ್ತಮ. ಗಾಳಿಯಿಲ್ಲದ, ಸ್ವಲ್ಪ ಶೆಕೆಯ ಸಂಜೆ ನೋಡಿ ಹೊರಡಿ. ಹೂವು ತೂಗಾಡುತ್ತಿದ್ದರೆ ಮನೆಯಲ್ಲೇ ಇರಿ.

ಸಲಕರಣೆ

90ರಿಂದ 105 ಮಿ.ಮೀ. ನಡುವಿನ ಮ್ಯಾಕ್ರೋ ಲೆನ್ಸ್, ಅಂದರೆ ಸಣ್ಣ ವಸ್ತುವನ್ನು ಹತ್ತಿರದಿಂದ ದೊಡ್ಡದಾಗಿ ಹಿಡಿಯುವ ಲೆನ್ಸ್, ಯಾವ ಕಂಪನಿಯದಾದರೂ ಸರಿ. ಕೈಯಿಂದ ಶಕ್ತಿ ಹೆಚ್ಚು ಕಡಿಮೆ ಮಾಡಲು ಬರುವ ಒಂದು ಫ್ಲಾಶ್. ಒಂದು ಟಾರ್ಚು, ಕೆಂಪು ಜಿಲೇಟಿನ್ ಕಾಗದ, ರಬ್ಬರ್ ಬ್ಯಾಂಡು, ಗಿಡ್ಡ ಸ್ಟೂಲು. ಟ್ರೈಪಾಡಿಗಿಂತ ಒಂಟಿಕಾಲಿನ ಮೊನೊಪಾಡ್ ಹೆಚ್ಚು ಉಪಯೋಗ, ಏಕೆಂದರೆ ಹಿಂದೆ ಮುಂದೆ ಒಂದಿಂಚು ವಾಲಲು ಬರುತ್ತದೆ.

ಎಷ್ಟು ಹತ್ತಿರ ಹೋಗಬೇಕು

ಮ್ಯಾಕ್ರೋ ಎಂದ ಕೂಡಲೇ ಲೆನ್ಸ್ ಹೋಗುವಷ್ಟು ಹತ್ತಿರ ಹೋಗಬೇಕು ಅನ್ನಿಸುತ್ತದೆ. ಹೂವಿನ ಮುಂದಿನ ಪತಂಗಕ್ಕೆ ಅದು ತಪ್ಪು. ಲೆಕ್ಕ ನೋಡಿ. ವಸ್ತು ಎಷ್ಟು ದೊಡ್ಡದೋ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೂ ಅಷ್ಟೇ ದೊಡ್ಡದಾಗಿ ಬೀಳುವುದು 1:1. ಆ ಅಳತೆಯಲ್ಲಿ ಸಾಮಾನ್ಯ ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿಯನ್ನು, ಎಫ್11ಕ್ಕೆ ಇಟ್ಟರೂ ಸ್ಪಷ್ಟವಾಗಿ ಕಾಣುವ ಆಳ ಸುಮಾರು 1 ಮಿ.ಮೀ. ಕಣ್ಣು ಸಿಕ್ಕರೆ ನಳಿಗೆ ಇಲ್ಲ, ನಳಿಗೆ ಸಿಕ್ಕರೆ ಹೂವಿಲ್ಲ. ಅದೇ 1:4ಕ್ಕೆ ಹಿಂದೆ ಸರಿದರೆ ಆಳ 8-9 ಮಿ.ಮೀ. ಆಗುತ್ತದೆ. ಪತಂಗದ ಮುಖ, ನಳಿಗೆ, ಹೂವಿನ ಬಾಯಿ ಮೂರೂ ಅದರಲ್ಲಿ ಕೂರುತ್ತವೆ. 100 ಮಿ.ಮೀ. ಲೆನ್ಸಿನಲ್ಲಿ ಇದು ಲೆನ್ಸಿನ ಮೂತಿಯಿಂದ ಹೂವಿಗೆ ಹೆಚ್ಚುಕಡಿಮೆ ಒಂದು ಮೊಳ ದೂರ. ಆಗ್ರಿಯಸ್‌ನಂಥ ಉದ್ದ ನಳಿಗೆಯದಕ್ಕೆ ಇನ್ನೂ ಸ್ವಲ್ಪ ಹಿಂದೆ ಸರಿಯಿರಿ, ಇಲ್ಲದಿದ್ದರೆ ಹೂವು ಒಂದು ಅಂಚಿನಲ್ಲಿ, ಪತಂಗ ಚೌಕಟ್ಟಿನ ಹೊರಗೆ.

ಅಪರ್ಚರ್ ಇನ್ನೂ ಚಿಕ್ಕದು ಮಾಡಿ ಆಳ ಹೆಚ್ಚಿಸಬಹುದಲ್ಲ ಎಂದರೆ, ಅದಕ್ಕೂ ಮಿತಿಯಿದೆ. ಹತ್ತಿರ ಹೋದಷ್ಟೂ ಲೆನ್ಸಿನ ನಿಜವಾದ ಅಪರ್ಚರ್ ಕುಗ್ಗುತ್ತದೆ. 1:1ರಲ್ಲಿ ಎಫ್11 ಇಟ್ಟರೆ ಅದು ಎಫ್22ರಂತೆ ವರ್ತಿಸುತ್ತದೆ, ಎಫ್16 ಇಟ್ಟರೆ ಎಫ್32ರಂತೆ. ಅಲ್ಲಿಗೆ ಬೆಳಕು ಚದುರಿ ಇಡೀ ಚಿತ್ರವೇ ಮಂಕಾಗುತ್ತದೆ. ರೆಕ್ಕೆಯ ಹುಡಿಯ ಒಂದೊಂದು ಕಣವೂ ಕಾಣಬೇಕೆಂದಿದ್ದರೆ ಎಫ್8ರಿಂದ ಎಫ್11 ದಾಟದಿರುವುದು ಲೇಸು.

ಹಗಲಿಗೆ ಒಂದು ಲೆಕ್ಕ, ರಾತ್ರಿಗೆ ಒಂದು

ಕೂತು ಉಣ್ಣುವ ಪತಂಗಕ್ಕೆ ಹಗಲಲ್ಲಿ ಶಟರ್ 1/250 ಸೆಕೆಂಡು ತೆರೆದಿದ್ದರೆ ಸಾಕು. ಗಾಳಿಯಲ್ಲಿ ನಿಂತು ಹೀರುವವು ಬೇರೆ ಬಗೆ. ಯೂರೋಪಿನಲ್ಲಿ ಹೆಚ್ಚು ಅಧ್ಯಯನವಾದ ಮ್ಯಾಕ್ರೋಗ್ಲಾಸಮ್ ಜಾತಿಯೊಂದು ಸೆಕೆಂಡಿಗೆ 70-80 ಸಲ ರೆಕ್ಕೆ ಬಡಿಯುತ್ತದೆ. ಅಂದರೆ 1/250 ಸೆಕೆಂಡಿನಲ್ಲಿ ಒಂದು ಬಡಿತದ ಮೂರನೇ ಒಂದು ಭಾಗ ಮುಗಿದಿರುತ್ತದೆ. ರೆಕ್ಕೆ ಮಂಜಿನಂತೆ ಬರುತ್ತದೆ. ಬಿಸಿಲಲ್ಲಿ 1/2500ರಿಂದ 1/4000, ಎಫ್5.6 ಅಥವಾ ಎಫ್8, ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 1600ರಿಂದ 3200 ಇಟ್ಟು ನೋಡಿ. ರೆಕ್ಕೆಯ ತುದಿ ಸ್ವಲ್ಪ ಕದಡಿದರೆ ನನಗೇನೂ ಬೇಸರವಿಲ್ಲ. ಕಣ್ಣು ಚೂಪಾಗಿದ್ದು ರೆಕ್ಕೆ ತುಸು ಮಸುಕಾದ ಚಿತ್ರದಲ್ಲಿ ಆ ಜೀವ ಪಡುವ ಶ್ರಮ ಕಾಣುತ್ತದೆ.

ಕತ್ತಲಲ್ಲಿ ಶಟರ್ ಅಲ್ಲ, ಫ್ಲಾಶೇ ಚಲನೆಯನ್ನು ನಿಲ್ಲಿಸುವುದು. ಸಣ್ಣ ಫ್ಲಾಶ್ ಪೂರ್ತಿ ಶಕ್ತಿಯಲ್ಲಿ ಉರಿದರೆ ಬೆಳಕು ಹೆಚ್ಚು ಹೊತ್ತು ಇರುತ್ತದೆ, ಶಕ್ತಿ ತಗ್ಗಿಸಿದಷ್ಟೂ ಆ ಮಿಂಚು ಚಿಕ್ಕದಾಗುತ್ತದೆ. ಪೂರ್ತಿ ಶಕ್ತಿಯ 1/16ಕ್ಕೆ ಇಳಿಸಿದರೆ ಬಹುತೇಕ ಫ್ಲಾಶ್‌ಗಳಲ್ಲಿ ಸೆಕೆಂಡಿನ ಹಲವು ಸಾವಿರದಲ್ಲೊಂದು ಭಾಗಕ್ಕೆ ಬರುತ್ತದೆ. ಅದಕ್ಕೇ ಶಕ್ತಿ ಕಡಿಮೆ ಇಟ್ಟು ಫ್ಲಾಶನ್ನು ಹತ್ತಿರ ತರಬೇಕು. ನಾನು ಶುರುಮಾಡುವುದು ಹೀಗೆ: ಎಲ್ಲ ಮ್ಯಾನ್ಯುಯಲ್, 1/200 ಸೆಕೆಂಡು, ಎಫ್11, ಐಎಸ್‌ಒ 400, ಫ್ಲಾಶ್ 1/16. ಹೈ ಸ್ಪೀಡ್ ಸಿಂಕ್ ಆನ್ ಆಗಿದ್ದರೆ ಆಫ್ ಮಾಡಿ. ಅದರಲ್ಲಿ ಫ್ಲಾಶ್ ಒಂದೇ ಮಿಂಚಾಗಿ ಬರದೆ ಸಾಲುಸಾಲಾಗಿ ಮಿನುಗುತ್ತದೆ, ರೆಕ್ಕೆ ನಿಲ್ಲುವುದಿಲ್ಲ, ಶಕ್ತಿಯೂ ಸೋರಿಹೋಗುತ್ತದೆ. ಶಕ್ತಿ ತಗ್ಗಿಸಿದ್ದರ ಇನ್ನೊಂದು ಲಾಭ, ಫ್ಲಾಶ್ ಮತ್ತೆ ತುಂಬಿಕೊಳ್ಳಲು ಕಾಯಬೇಕಿಲ್ಲ.

ಬರಿಯ ಫ್ಲಾಶ್ ಪತಂಗದ ಕಣ್ಣಿನಲ್ಲಿ ಬಿಳಿ ಚುಕ್ಕಿ ಇಡುತ್ತದೆ, ಬಿಳಿ ಹೂವನ್ನು ಸುಟ್ಟಂತೆ ಮಾಡುತ್ತದೆ. ಬೆಳಕನ್ನು ಹರಡಿ ಮೆದು ಮಾಡುವ ಡಿಫ್ಯೂಸರ್ ಬೇಕೇ ಬೇಕು, ಕೊಳ್ಳಲೇಬೇಕೆಂದಿಲ್ಲ. ಟಿವಿ, ಮಿಕ್ಸಿ ಪೆಟ್ಟಿಗೆಯೊಳಗೆ ಸುತ್ತಿ ಬರುವ ತೆಳು ಬಿಳಿ ಫೋಮ್ ಹಾಳೆಯೇ ಸಾಕು. ಒಂದು ಕರಿ ರಟ್ಟನ್ನು ಕೊಳವೆಯಂತೆ ಸುತ್ತಿ ಫ್ಲಾಶಿನ ತಲೆಗೆ ಸಿಕ್ಕಿಸಿ, ಒಳಮೈಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ, ಬಾಯಿಯನ್ನು ಊಟದ ತಟ್ಟೆಯಷ್ಟು ಅಗಲ ಮಾಡಿ ಅದಕ್ಕೆ ಫೋಮ್ ಹಾಳೆಯನ್ನು ಎರಡು ಪದರ ಹೊದಿಸಿ. ಆ ಬಾಯಿ ಲೆನ್ಸಿನ ಮೂತಿಯ ಮೇಲೆ ಬಾಗಿ ಹೂವಿನ ಕಡೆ ನೋಡುವಂತಿರಲಿ. ಬೆಳಕಿನ ಮೈ ದೊಡ್ಡದಾದಷ್ಟೂ, ಹತ್ತಿರವಾದಷ್ಟೂ ನೆರಳು ಮೆದುವಾಗುತ್ತದೆ. ನಾನು ಈಗ ಬಳಸುವುದು ಇಂಥದ್ದನ್ನೇ, ಐದಾರು ಮಳೆಗಾಲ ಕಂಡಿದೆ.

ಹಿನ್ನೆಲೆ ಕರಿ ಬರುವುದು ಇನ್ನೊಂದು ತಕರಾರು. ಫ್ಲಾಶಿನ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಫ್ಲಾಶಿನಿಂದ ಹೂವು 30 ಸೆಂ.ಮೀ., ಹಿಂದಿನ ಎಲೆ 60 ಸೆಂ.ಮೀ. ಇದ್ದರೆ ಎಲೆಗೆ ಕಾಲು ಭಾಗ ಬೆಳಕು ಬೀಳುತ್ತದೆ. ಅದೇ ಎಲೆ 3 ಮೀಟರ್ ದೂರವಿದ್ದರೆ ನೂರರಲ್ಲೊಂದು ಭಾಗ, ಅಂದರೆ ಕತ್ತಲು. ಆದ್ದರಿಂದ ಹೂವನ್ನು ಆರಿಸುವಾಗಲೇ ಅದರ ಹಿಂದೆ ಒಂದೆರಡು ಗೇಣಿನಲ್ಲಿ ಎಲೆಗಳಿರುವುದನ್ನು ನೋಡಿಕೊಳ್ಳಿ. ಗೋಧೂಳಿಯ ನೀಲಿ ಉಳಿದಿರುವ ಹತ್ತು ಹದಿನೈದು ನಿಮಿಷದಲ್ಲಿ ಐಎಸ್‌ಒ 1600, 1/100ಕ್ಕೆ ಹೋಗಿ, ಫ್ಲಾಶಿನ ಶಕ್ತಿ ಇನ್ನೂ ತಗ್ಗಿಸಿದರೆ ಆಕಾಶವೇ ಹಿನ್ನೆಲೆಯಾಗುತ್ತದೆ.

ಕೂತ ಮೇಲೆ

ಆಟೋ ಫೋಕಸ್ ಬಿಡಿ. ಬೆಳಕಿರುವಾಗಲೇ ಹೂವಿನ ಬಾಯಿಗೆ ಕೈಯಿಂದ ಫೋಕಸ್ ಮಾಡಿ, ಲೆನ್ಸಿನ ಉಂಗುರಕ್ಕೆ ಒಂದು ತುಂಡು ಟೇಪು ಹಚ್ಚಿ. ಹೂವಿನ ಕೊಳವೆ ನಿಮಗೆ ಅಡ್ಡಲಾಗಿ ಕಾಣುವಂತೆ ಪಕ್ಕಕ್ಕೆ ಕೂರಿ. ಪತಂಗ ಬಂದಾಗ ಅದರ ಕಣ್ಣು, ನಳಿಗೆ, ಹೂವು ಒಂದೇ ಸಮತಲದಲ್ಲಿ ಬರುವುದು ಹೀಗೆ ಕೂತಾಗ ಮಾತ್ರ. ಎದುರಿಗೆ ಕೂತರೆ ನಳಿಗೆ ನಿಮ್ಮ ಕಡೆಗೇ ಚಾಚಿ ಮಸುಕಾಗುತ್ತದೆ.

ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಎರಡು ಮೂರು ಪದರ ಕಟ್ಟಿ. ಗಿಡುಗ ಪತಂಗದ ಕಣ್ಣು ನೇರಳಾತೀತ, ನೀಲಿ, ಹಸಿರು ಬೆಳಕಿಗೆ ಸ್ಪಂದಿಸುತ್ತದೆ, ಕೆಂಪು ಅದಕ್ಕೆ ಬಹುಮಟ್ಟಿಗೆ ಕಾಣದು. ಹಾಗೆಂದು ಅದರ ಕಣ್ಣು ಮಂದ ಎಂದುಕೊಳ್ಳಬೇಡಿ. ನಕ್ಷತ್ರದ ಬೆಳಕಿನಷ್ಟೇ ಇರುವಾಗಲೂ ಯೂರೋಪಿನ ಒಂದು ಗಿಡುಗ ಪತಂಗ ಹೂವಿನ ಬಣ್ಣ ಗುರುತಿಸುತ್ತದೆ ಎಂಬುದನ್ನು 2002ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಯೋಗ ಮಾಡಿ ತೋರಿಸಿದರು. ನಮಗೆ ಬರೀ ಬೂದಾಗಿ ಕಾಣುವ ಹೊತ್ತಿನಲ್ಲಿ ಅದಕ್ಕೆ ಬಣ್ಣದ ತೋಟ ಕಾಣುತ್ತಿರುತ್ತದೆ. ಬಿಳಿ ಟಾರ್ಚು ಹೂವಿನ ಮೇಲೆ ಬಿಟ್ಟರೆ ಬರುವುದೂ ಬಾರದಾಗುತ್ತದೆ.

ಬಿಳಿ ಟಾರ್ಚಿಗೂ ಒಂದು ಕೆಲಸವಿದೆ. ಕೂತು ಉಣ್ಣುವ ಸಣ್ಣ ಪತಂಗಗಳನ್ನು ಹುಡುಕುವಾಗ ಟಾರ್ಚನ್ನು ನಿಮ್ಮ ಕಣ್ಣಿನ ಪಕ್ಕದಲ್ಲೇ ಹಿಡಿದು ತುಂಬೆ ಗಿಡಗಳ ಮೇಲೆ ಒಂದು ಸಲ ಹಾಯಿಸಿ. ಅವುಗಳ ಕಣ್ಣು ಕೆಂಡದ ಕಿಡಿಯಂತೆ ಹೊಳೆಯುತ್ತದೆ. ಜಾಗ ಗುರುತಾದ ಕೂಡಲೇ ಕೆಂಪಿಗೆ ಬದಲಿಸಿ, ನೆರಳು ಬೀಳದಂತೆ ಮೆಲ್ಲಗೆ ಹತ್ತಿರ ಹೋಗಿ.

ಶಟರ್ ಒತ್ತಲು ಪತಂಗ ಬಂದ ಕ್ಷಣಕ್ಕಿಂತ ನಳಿಗೆ ಒಳಗೆ ಹೋದ ಕ್ಷಣ ಒಳ್ಳೆಯದು. ಬರುವಾಗ ಅತ್ತಿತ್ತ ತೂಗುತ್ತದೆ, ನಳಿಗೆ ಒಳಗಿಟ್ಟ ಮೇಲೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸ್ಥಿರವಾಗುತ್ತದೆ. ಮೂರು ನಾಲ್ಕು ಚಿತ್ರ ತೆಗೆದು ನಿಲ್ಲಿಸಿ. ಕೂತಿರುವ ಪತಂಗ ರೆಕ್ಕೆಯನ್ನು ನಡುಗಿಸಲು ಶುರುಮಾಡಿದರೆ ಅದು ಹಾರುವ ಮೊದಲು ಎದೆಯ ಸ್ನಾಯುಗಳನ್ನು ಬಿಸಿ ಮಾಡಿಕೊಳ್ಳುತ್ತಿದೆ ಎಂದರ್ಥ. ನಿಮಗೆ ಉಳಿದಿರುವುದು ಸ್ವಲ್ಪವೇ ಸಮಯ.

ಮೊಬೈಲಿನವರು ನಿರಾಶರಾಗಬೇಕಿಲ್ಲ. ಬೆಳಗಿನ ಎಳೆಬಿಸಿಲಲ್ಲಿ ಅಮಾಟಾ, ಯುಟೆಥೈಸಾಗಳಿಗೆ ಫೋನಿನ ಮ್ಯಾಕ್ರೋ ಮೋಡ್ ಅಥವಾ ಕ್ಲಿಪ್ ಲೆನ್ಸ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮ್ಯಾಕ್ರೋಗ್ಲಾಸಮ್ ಬಂದರೆ ಸ್ಲೋ ಮೋಷನ್ ವಿಡಿಯೊ ಮಾಡಿ, ಅದರಿಂದ ಒಂದು ಚೌಕಟ್ಟು ಆರಿಸಿ.

ಮಾಡಬಾರದ್ದು, ಎಚ್ಚರ ವಹಿಸಬೇಕಾದ್ದು

ಪತಂಗವನ್ನು ಹಿಡಿದು ಫ್ರಿಜ್ಜಿನಲ್ಲಿಟ್ಟು, ಮಂಕಾದ ಮೇಲೆ ಹೂವಿನ ಮೇಲೆ ಕೂರಿಸಿ ಫೋಟೊ ತೆಗೆಯುವವರಿದ್ದಾರೆ. ದಯವಿಟ್ಟು ಬೇಡ. ಬೆರಳು ತಾಗಿದರೆ ಉದುರುವ ರೆಕ್ಕೆಯ ಹುಡಿ ಮತ್ತೆ ಬೆಳೆಯುವುದಿಲ್ಲ. ಹೂವಿಗೆ ಜೇನು, ಸಕ್ಕರೆ ನೀರು ಸಿಂಪಡಿಸುವುದೂ ಬೇಡ. ಒಂದೇ ಪತಂಗಕ್ಕೆ ಮತ್ತೆ ಮತ್ತೆ ಫ್ಲಾಶ್ ಹೊಡೆದರೆ ಅದು ದಿಕ್ಕುತಪ್ಪಿ ನೆಲಕ್ಕಿಳಿಯುವುದನ್ನು ಕಂಡಿದ್ದೇನೆ, ಆ ಸಂಜೆ ಅದಕ್ಕೆ ಊಟವಿಲ್ಲ. ಕಾಡಿನ ಆರ್ಕಿಡ್ ಸಿಕ್ಕರೆ ಅಡ್ಡ ಬಂದ ಹುಲ್ಲನ್ನು ಕೀಳದೆ ಪಕ್ಕಕ್ಕೆ ಬಾಗಿಸಿ, ಮುಗಿದ ಮೇಲೆ ಬಿಡಿ.

ಕೂರುವ ಮೊದಲು ಬೆಳಕಿನಲ್ಲೇ ಕಾಲಿನ ಸುತ್ತ ನೆಲ ನೋಡಿ, ಮಂಡಲದ ಹಾವಿಗೂ ಅದೇ ಬೇಲಿ ಇಷ್ಟ. ಗಂಬೂಟು ಹಾಕಿ, ಇಂಬಳಕ್ಕೆ ಸುಣ್ಣವೋ ಉಪ್ಪೋ ಜೇಬಿನಲ್ಲಿರಲಿ. ಉಮ್ಮತ್ತಿ ಗಿಡದ ಪ್ರತಿ ಭಾಗವೂ ವಿಷ, ಮುಟ್ಟಿದ ಕೈಯಲ್ಲಿ ಕಣ್ಣುಜ್ಜಬೇಡಿ. ಆನೆ ಓಡಾಡುವ ಊರಿನವರು ಒಬ್ಬರೇ ಹೋಗಬೇಡಿ, ಮನೆಯಂಗಳದ ಹೂವೇ ಸಾಕು. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡಬೇಡಿ.

ಮನೆಗೆ ಬಂದ ಮೇಲೆ

ಪತಂಗದ ಜೊತೆಗೆ ಗಿಡದ ಎಲೆ, ಮೊಗ್ಗು, ಕಾಯಿಯ ಒಂದೊಂದು ಫೋಟೊ ತೆಗೆದುಕೊಂಡಿರಿ. ದಿನಾಂಕ, ಹೊತ್ತು, ಊರು ಬರೆದಿಡಿ. ದೀಪ ಹಚ್ಚಿ ಬಿಳಿ ಪಂಚೆ ಕಟ್ಟಿದರೆ ಪತಂಗಗಳು ಬರುತ್ತವೆ, ಜಾತಿ ಗೊತ್ತಾಗುತ್ತದೆ. ಆದರೆ ಯಾವ ಪತಂಗ ಯಾವ ಹೂವನ್ನು ಹುಡುಕಿಕೊಂಡು ಬರುತ್ತದೆ ಎಂಬುದು ಆ ಪಂಚೆಯ ಮೇಲೆ ಕಾಣುವುದಿಲ್ಲ. ನಿಮ್ಮ ಚಿತ್ರ ಅದನ್ನು ಹೇಳುತ್ತದೆ. ಭಾರತದಲ್ಲಿ 10,000ಕ್ಕೂ ಹೆಚ್ಚು ಜಾತಿಯ ಪತಂಗಗಳಿವೆ, ಹೆಸರು ಸಿಗದಿದ್ದರೆ ಚಿಂತೆ ಬೇಡ. ಜೀವಿಗಳ ಫೋಟೊ ಹಂಚಿಕೊಳ್ಳುವ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಏರಿಸಿದರೆ ಬಲ್ಲವರು ನೋಡಿ ಗುರುತಿಸುತ್ತಾರೆ. ಏರಿಸುವಾಗ ಹೂವಿನ ಹೆಸರನ್ನೂ ಸೇರಿಸಿ. ಚಿತ್ರವನ್ನು ದೊಡ್ಡದು ಮಾಡಿ ನಳಿಗೆಯನ್ನು, ಮುಖವನ್ನು ನೋಡಿ. ಹಳದಿ ಹುಡಿ ಅಂಟಿದ್ದರೆ ಅದು ಹೂವಿನಿಂದ ಹೂವಿಗೆ ಸಾಗುತ್ತಿರುವ ಪರಾಗ. ಚಿತ್ರ ಕತ್ತರಿಸುವಾಗ ಅದನ್ನು ಕೊಳೆ ಎಂದು ಒರೆಸಿಹಾಕಬೇಡಿ.

ಕೊನೆಗೆ ಲೆನ್ಸ್. ಮಲೆನಾಡಿನ ತೇವಕ್ಕೆ ಗಾಜಿನೊಳಗೆ ಬೂಸಲು ಹಿಡಿಯಲು ಒಂದು ಮಳೆಗಾಲ ಸಾಕು. ಒದ್ದೆ ಬ್ಯಾಗಿನಲ್ಲಿ ಇಟ್ಟು ಮಲಗಬೇಡಿ. ಒರೆಸಿ, ಫ್ಯಾನಿನ ಕೆಳಗೆ ಅರ್ಧ ಗಂಟೆ ಆರಿಸಿ, ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮತ್ತೆ ನೀಲಿಗೆ ತಿರುಗುತ್ತದೆ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.